ನೆಮ್ಮದಿಯ ಓದಿಗೆ ಪತ್ತೇದಾರಿ ಮಾಲೆಗಳು: ಒಂದು ಚಾರಿತ್ರಿಕ ವಿವೇಚನೆ

ದಿನವಿಡೀ ದುಡಿದು ದಣಿದವರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಮನೆಯಲ್ಲಿ ಸಾವುನೋವು ಕಂಡು ನಿದ್ರೆ ಬಾರದವರು 'ಹಗುರವಾದ ಪುಸ್ತಕವೇನಾದರೂ ಇದ್ದರೆ ಕೊಡಿ' ಎಂದು ಕೇಳುವುದುಂಟು. ಈ ಬೇಡಿಕೆಗೆ ಇಂಗ್ಲೆಂಡಿನಲ್ಲಿ ಶತಮಾನಕಾಲದಿಂದ ದೊರೆಯುತ್ತ ಬಂದಿರುವ ಉತ್ತರವು ವಿಚಿತ್ರವಾದುದು. ಅಲ್ಲಿ ಅಂತಹವರ ಕೈಗೆ ಕೊಡುವುದು ಕೊಲೆಯ ಕಥೆಯನ್ನು! ಹೆಣ ಬಿದ್ದಲ್ಲಿಂದ ಕಥೆ ತೊಡಗುತ್ತದೆ. ಓದುವವರ ಮನಸ್ಸು ಹಗುರವಾಗುತ್ತದೆ. ಈ ಬಗೆಯ ಕಥೆಗಳನ್ನು ಈಚೆಗೆ ಇಂಗ್ಲಿಷಿನಲ್ಲಿ 'ಕೋಜಿ' ಎಂದು ಕರೆಯುತ್ತಾರೆ. ಚಹದ ಪಾತ್ರೆಯ ಬಿಸಿ ಆರದಂತೆ ಹೊದಿಸುವ ಬಟ್ಟೆಗೂ ಅದೇ ಹೆಸರು. ನಾವು 'ಬೆಚ್ಚನೆಯ ಪತ್ತೇದಾರಿ' ಎನ್ನಬಹುದು. ಕೊಲೆಯ ಕಥೆಯಲ್ಲಿ ಬೆಚ್ಚಗಿನ ನೆಮ್ಮದಿ ಎಲ್ಲಿಂದ ಬಂದಿತು? ಇದರ ಚರಿತ್ರೆಯನ್ನು ಅರಿತವರಿಗೆ ಯಾವ ಮಾಲೆಯನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂಬ ವಿವೇಕವೂ ತಾನಾಗಿ ಒದಗುವುದೆಂದು ನಂಬಿ ಈ ವಿಷಯವನ್ನು ಇಲ್ಲಿ ವಿವೇಚಿಸಿದೆ.

ಮೊದಲು 'ಮಾಲೆ' ಎಂಬ ಮಾತನ್ನು ನೋಡೋಣ. ಆರ್ಥರ್ ಕಾನನ್ ಡಾಯಲ್ ಸೃಷ್ಟಿಸಿದ ಷೆರ್ಲಾಕ್ ಹೋಮ್ಸ್ 1887ರಲ್ಲಿಯೇ ಒಂದು ಕಾದಂಬರಿಯ ಮೂಲಕ ಹೊರಬಂದಿದ್ದನು. ಆದರೆ ಮನೆಮಾತಾದದ್ದು 1891ರ ಜುಲೈಯಿಂದ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಅವನ ಬಿಡಿಕಥೆಗಳು ಬರತೊಡಗಿದ ಮೇಲೆ. ಅದುವರೆಗೆ ಪತ್ರಿಕೆಗಳಲ್ಲಿ ಧಾರಾವಾಹಿಗಳಿದ್ದುವು. ಒಂದು ಸಂಚಿಕೆ ತಪ್ಪಿದವನಿಗೆ ಕಥೆಯ ಎಳೆಯೇ ತಪ್ಪುತ್ತಿತ್ತು. ಕಥಾನಾಯಕನು ಒಬ್ಬನೇ ಇರಲಿ, ಕಥೆ ಮಾತ್ರ ಆಯಾ ಸಂಚಿಕೆಯಲ್ಲಿಯೇ ಮುಗಿಯಲಿ ಎಂಬುದು ಡಾಯಲನ ಉಪಾಯ. ಆತನಿಗೇ ಬೇಸರ ಬಂದು 1893ರ ಡಿಸೆಂಬರಿನಲ್ಲಿ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಮುಗಿಸಿದಾಗ ಓದುಗರು ಅದನ್ನು ಒಪ್ಪಲಿಲ್ಲ. ಕಡೆಗೆ 1903ರಲ್ಲಿ ಅವನನ್ನು ಬದುಕಿಸಿ ಕರೆತರಬೇಕಾಯಿತು. ಓದುಗರಿಗೆ ಬೇಕಾಗಿದ್ದುದು ಕೇವಲ ಒಗಟಾಗಿದ್ದರೆ ಬೇರೊಬ್ಬ ಪತ್ತೇದಾರನೂ ಸಾಕಾಗುತ್ತಿದ್ದನು. ಅವರಿಗೆ ಬೇಕಾಗಿದ್ದುದು ಬೇಕರ್ ಬೀದಿಯ ಆ ಕೋಣೆ, ಅಗ್ಗಿಷ್ಟಿಕೆಯ ಬೆಂಕಿ, ಎದುರು ಕುಳಿತ ವಾಟ್ಸನ್. ಪರಿಚಿತರ ಮನೆಗೆ ಮತ್ತೆ ಮತ್ತೆ ಹೋಗುವ ಸುಖವೇ ಮಾಲೆಯ ಮೂಲಬಲವೆಂಬುದು ಅಂದೇ ಸಿದ್ಧವಾಯಿತು.

ಈ ಪ್ರಕಾರಕ್ಕೆ ಕರುಣೆಯನ್ನು ತಂದುಕೊಟ್ಟವನು ಜಿ. ಕೆ. ಚೆಸ್ಟರ್ಟನ್. ಆತನ ಫಾದರ್ ಬ್ರೌನ್ ಕುಳ್ಳ ದೇಹದ, ಕೊಡೆಯನ್ನು ಎಲ್ಲೆಂದರಲ್ಲಿ ಬೀಳಿಸಿಕೊಳ್ಳುವ ಸಾಧಾರಣ ಪಾದ್ರಿ. ಮೊದಲ ಸಂಕಲನ 1911ರಲ್ಲಿಯೂ ಐದನೆಯದು 1935ರಲ್ಲಿಯೂ ಹೊರಬಂದುವು. ಪಾಪನಿವೇದನೆಗಳನ್ನು ಕೇಳಿ ಕೇಳಿ ಮನುಷ್ಯರ ಒಳಗನ್ನು ಬಲ್ಲ ಈ ಪಾದ್ರಿಗೆ ಅಪರಾಧಿಯನ್ನು ಹಿಡಿಯುವುದಕ್ಕಿಂತ ತಿದ್ದುವುದರಲ್ಲಿ ಆಸಕ್ತಿ. ಮೊದಲ ಕಥೆಯಲ್ಲಿ ಮಹಾಚೋರನಾಗಿ ಬರುವ ಫ್ಲಾಂಬೋ ಕ್ರಮೇಣ ಕಳ್ಳತನ ಬಿಟ್ಟು, ತಾನೇ ಪತ್ತೇದಾರನಾಗಿ, ಪಾದ್ರಿಯ ಆಪ್ತಮಿತ್ರನಾಗುತ್ತಾನೆ.

ಇನ್ನು 1914ರಿಂದ 1918ರವರೆಗಿನ ಮಹಾಯುದ್ಧ. ಬೆಚ್ಚನೆಯ ಪತ್ತೇದಾರಿ ಹುಟ್ಟಿದ್ದು ಸುಖದ ಕಾಲದಲ್ಲಲ್ಲ, ಈ ಯುದ್ಧದ ನೆರಳಿನಲ್ಲಿ ಎಂಬುದನ್ನು ಮರೆಯಲಾಗದು. ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ 1890ರಲ್ಲಿ ಜನಿಸಿದ ಅಗಾಥಾ ಕ್ರಿಸ್ಟಿ ಯುದ್ಧಕಾಲದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಅನಂತರ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕೆ ನಿಂತರು. ವಿಷಗಳ ಪರಿಚಯವಾದದ್ದು ಅಲ್ಲಿಯೇ. ಯುದ್ಧದಿಂದ ನೆಲೆ ತಪ್ಪಿದ ಬೆಲ್ಜಿಯಂ ನಿರಾಶ್ರಿತರು ಆ ಊರಿಗೂ ಬಂದಿದ್ದರು. ಅವರನ್ನು ಕಂಡ ನೆನಪಿನಿಂದಲೇ ಹರ್ಕ್ಯೂಲ್ ಪಾಯ್ರೋ ಮೂಡಿದನು. ಮೊದಲ ಕಾದಂಬರಿಯು ಅಮೆರಿಕದಲ್ಲಿ 1920ರಲ್ಲಿ, ಇಂಗ್ಲೆಂಡಿನಲ್ಲಿ 1921ರಲ್ಲಿ ಪ್ರಕಟವಾಯಿತು. ಮೀಸೆಯನ್ನು ತೀಡುತ್ತ, ಎಲ್ಲವೂ ಒಪ್ಪವಾಗಿರಬೇಕೆಂದು ಹಟಮಾಡುವ ಈ ನಗೆಗಾರ ವಾಸ್ತವವಾಗಿ ಮನೆ ಕಳೆದುಕೊಂಡವನು ಎಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಡೊರೊಥಿ ಸೇಯರ್ಸ್ ಅವರ ಲಾರ್ಡ್ ಪೀಟರ್ ವಿಮ್ಸಿಯದೂ ಅಂತಹುದೇ ಕಥೆ. 1923ರಲ್ಲಿ ಮೊದಲು ಕಾಣಿಸಿಕೊಂಡ ಈ ಸಿರಿವಂತ ಹೊರನೋಟಕ್ಕೆ ಹಾಸ್ಯಪ್ರಿಯ. ಒಳಗೆ ರಣರಂಗದ ಭೀತಿಯಿಂದ ನರಗಳು ಜರ್ಝರಿತವಾದವನು. 1937ರ ಕಾದಂಬರಿಯ ಕೊನೆಯಲ್ಲಿ, ತಾನು ಹಿಡಿದುಕೊಟ್ಟ ಕೊಲೆಗಾರನನ್ನು ಗಲ್ಲಿಗೇರಿಸುವ ಮುಂಜಾವದಲ್ಲಿ ಅವನು ಕುಸಿದು ಅಳುತ್ತಾನೆ. ಯುದ್ಧದಲ್ಲಿ ಲಕ್ಷಾಂತರ ಮಂದಿ ಹೆಸರಿಲ್ಲದೆ ಸತ್ತಿದ್ದ ನಾಡಿನಲ್ಲಿ, ಒಂದೇ ಒಂದು ಸಾವಿಗೆ ಊರೇ ನಿಂತು ಉತ್ತರ ಹುಡುಕುವ ಕಥೆಗಳಿಗೆ ಜನರು ಮುಗಿಬಿದ್ದುದು ಆಶ್ಚರ್ಯವಲ್ಲ.

ಆ ಕಾಲದಲ್ಲಿಯೇ ಈ ಕಥೆಗಳಿಗೆ ನಿಯಮಗಳೂ ಏರ್ಪಟ್ಟುವು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದನು: ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು, ದೈವಶಕ್ತಿಗಳನ್ನು ಎಳೆದು ತರಬಾರದು, ಪತ್ತೇದಾರನಿಗೆ ದೊರೆತ ಸುಳಿವು ಓದುಗನಿಗೂ ದೊರೆಯಬೇಕು, ಇತ್ಯಾದಿ. 1930ರಲ್ಲಿ ಸ್ಥಾಪಿತವಾದ 'ಡಿಟೆಕ್ಷನ್ ಕ್ಲಬ್ಬಿ'ಗೆ ಚೆಸ್ಟರ್ಟನ್ ಪ್ರಥಮಾಧ್ಯಕ್ಷ. ಸದಸ್ಯರಾಗುವವರು ಓದುಗರಿಗೆ ಮೋಸ ಮಾಡೆವೆಂದು ಪ್ರಮಾಣ ಮಾಡಬೇಕಾಗಿತ್ತು. ಅರ್ಧ ತಮಾಷೆಯ ಈ ಪ್ರಮಾಣದಲ್ಲಿ ಒಂದು ಗಂಭೀರಾಂಶವಿದೆ. ಲೇಖಕನು ತನಗೆ ದ್ರೋಹ ಬಗೆಯುವುದಿಲ್ಲವೆಂಬ ಭರವಸೆಯಿದ್ದಾಗಲೇ ಓದುಗನ ಮನಸ್ಸು ಸಡಿಲವಾಗುವುದು.

ಇವೆಲ್ಲಕ್ಕೂ ಕಳಶಪ್ರಾಯವಾದವರು ಕ್ರಿಸ್ಟಿಯವರ ಮಿಸ್ ಮಾರ್ಪಲ್ ಅಜ್ಜಿ. 1927ರ ಡಿಸೆಂಬರಿನ ಒಂದು ಬಿಡಿಕಥೆಯಲ್ಲಿ ಮೊದಲು ಬಂದು, 1930ರಲ್ಲಿ ಕಾದಂಬರಿಗೆ ಕಾಲಿಟ್ಟರು. ಈಕೆ ಹೆಣಿಗೆ ಹೆಣೆಯುತ್ತ ಮೂಲೆಯಲ್ಲಿ ಕುಳಿತಿರುವ ಅವಿವಾಹಿತ ವೃದ್ಧೆ. ಸುತ್ತ ಕುಳಿತ ಬುದ್ಧಿವಂತರು ಈಕೆಯನ್ನು ಗಣನೆಗೇ ತರುವುದಿಲ್ಲ. ಈಕೆಯ ವಿಧಾನವೂ ಸರಳ: ಎದುರಿಗಿರುವ ಮನುಷ್ಯನನ್ನು ಕಂಡೊಡನೆ ಸೇಂಟ್ ಮೇರಿ ಮೀಡ್ ಎಂಬ ತನ್ನ ಹಳ್ಳಿಯಲ್ಲಿ ಅದೇ ಸ್ವಭಾವದವರು ಯಾರಿದ್ದರು, ಅವರು ಹಿಂದೆ ಏನು ಮಾಡಿದ್ದರು ಎಂಬುದನ್ನು ನೆನೆಯುವುದು. ನಮ್ಮ ಊರುಗಳಲ್ಲಿಯೂ ಜಗುಲಿಯ ಮೇಲೆ ಕುಳಿತೇ ಕೇರಿಯ ಒಳಹೊರಗನ್ನೆಲ್ಲ ತಿಳಿದ ಅಜ್ಜಿಯಂದಿರಿಲ್ಲವೇ? ಹನ್ನೆರಡು ಕಾದಂಬರಿಗಳಲ್ಲಿಯೂ ಇಪ್ಪತ್ತು ಬಿಡಿಕಥೆಗಳಲ್ಲಿಯೂ ಹರಡಿರುವ ಈ ಮಾಲೆಯಲ್ಲಿ ಯಾರೂ ಲೆಕ್ಕಕ್ಕಿಡದವರೇ ಕಡೆಗೆ ಸತ್ಯವನ್ನು ಕಾಣುತ್ತಾರೆ. ಜೀವನದಲ್ಲಿ ಕಡೆಗಣಿಸಲ್ಪಟ್ಟವರಿಗೆ ಇದಕ್ಕಿಂತ ಸಮಾಧಾನಕರವಾದ ವಸ್ತು ಬೇರೊಂದಿರಲಾರದು.

ಪುಸ್ತಕಗಳು ಜನಸಾಮಾನ್ಯರ ಕೈಗೆ ಬಂದುದು ಬೆಲೆ ಇಳಿದಾಗ. 1935ರ ಜುಲೈ 30ರಂದು ಪೆಂಗ್ವಿನ್ ಸಂಸ್ಥೆಯವರು ತಲಾ ಆರು ಪೆನ್ಸಿಗೆ ಹತ್ತು ಪುಸ್ತಕಗಳನ್ನು ಹೊರತಂದರು. ಅವುಗಳಲ್ಲಿ ಕ್ರಿಸ್ಟಿಯವರದೊಂದು, ಸೇಯರ್ಸ್ ಅವರದೊಂದು ಇದ್ದುವು. ಪತ್ತೇದಾರಿ ಪುಸ್ತಕಗಳಿಗೆ ಹಸುರು ಹೊದಿಕೆ. ಐದೇ ವರ್ಷಗಳಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳತೊಡಗಿದುವು. ನೆಲದಡಿಯ ಆಶ್ರಯತಾಣಗಳ ಬಾಗಿಲಲ್ಲಿ ಜನರ ಬೇಡಿಕೆಯಂತೆ ಪತ್ತೇದಾರಿ ಕಥೆಗಳನ್ನು ಮಾತ್ರ ಎರವಲು ಕೊಡುವ ಪುಸ್ತಕಭಂಡಾರಗಳು ಏರ್ಪಟ್ಟುವೆಂದು ಅಮೆರಿಕದ ಹೊವಾರ್ಡ್ ಹೇಕ್ರಾಫ್ಟ್ 1941ರಲ್ಲಿ ಪ್ರಕಟಿಸಿದ ಈ ಪ್ರಕಾರದ ಚರಿತ್ರೆಯಲ್ಲಿ ಬರೆದಿದ್ದಾನೆ. ಮೇಲೆ ಊರು ಉರಿಯುತ್ತಿರುವಾಗ ಕೆಳಗೆ ಕುಳಿತು ಕಲ್ಪಿತ ಕೊಲೆಯೊಂದನ್ನು ಓದುವ ಜನರನ್ನು ಹಗುರವಾಗಿ ಕಾಣುವುದು ಅನ್ಯಾಯ. ಆ ಪುಸ್ತಕದಲ್ಲಾದರೂ ಕೊಂದವನು ಸಿಕ್ಕಿಬೀಳುತ್ತಿದ್ದನು.

ಆಕ್ಷೇಪಣೆಗಳೂ ಇಲ್ಲದಿರಲಿಲ್ಲ. ಎಡ್ಮಂಡ್ ವಿಲ್ಸನ್ ಎಂಬ ಖ್ಯಾತ ವಿಮರ್ಶಕ 1945ರಲ್ಲಿ ಇವನ್ನು ಕಾಲಹರಣದ ಚಟವೆಂದು ಕಟುವಾಗಿ ಖಂಡಿಸಿದನು. ಮೂರು ವರ್ಷಗಳ ಅನಂತರ ಕವಿ ಆಡೆನ್ ತನಗೂ ಆ ಚಟವುಂಟೆಂದು ಒಪ್ಪಿಕೊಂಡೇ ಅದರ ಮರ್ಮವನ್ನು ವಿವರಿಸಿದನು: ನಿರ್ಮಲವಾದ ಊರು, ಕೊಲೆಯಿಂದ ಅದಕ್ಕೆ ತಗಲಿದ ಕಳಂಕ, ಎಲ್ಲರ ಮೇಲೂ ಸಂಶಯ, ಅಪರಾಧಿ ಹೊರಬಿದ್ದೊಡನೆ ಉಳಿದವರಿಗೆಲ್ಲ ಮರಳುವ ನಿರ್ದೋಷಿತ್ವ. ನಾವು ಬಯಸುವುದು ಆ ಶುದ್ಧಿಯನ್ನು ಎಂಬುದು ಆತನ ಮತ. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ. ಕೆಟ್ಟದ್ದೆಲ್ಲ ಒಬ್ಬನಲ್ಲಿದೆ, ಅವನು ಹೋದರೆ ಊರು ನೆಟ್ಟಗಾಯಿತು ಎಂಬುದು ಲೋಕದ ನಿಜವಲ್ಲ. ಒಂದು ರಾತ್ರಿಯ ವಿಶ್ರಾಂತಿಗೆ ಸಾಕಾಗುವ ಕಲ್ಪನೆ. ಅದನ್ನು ಅಷ್ಟರಮಟ್ಟಿಗೆ ಅರಿತು ಓದಿದರೆ ಹಾನಿಯಿಲ್ಲ.

ಒಳ್ಳೆಯ ಮಾಲೆಗಳಿಗೆ ಈ ಅರಿವು ಒಳಗೇ ಇರುತ್ತದೆ. 1950ರ ಮಾರ್ಪಲ್ ಕಾದಂಬರಿಯಲ್ಲಿ ಯುದ್ಧಾನಂತರದ ಹಳ್ಳಿಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಪೂರ್ವೋತ್ತರ ಯಾರಿಗೂ ತಿಳಿಯದು. ಅವರು ತಮ್ಮ ವಿಷಯವಾಗಿ ಹೇಳಿಕೊಂಡುದೇ ಆಧಾರ. 1962ರ ಹೊತ್ತಿಗೆ ಸೇಂಟ್ ಮೇರಿ ಮೀಡಿನ ಪಕ್ಕದಲ್ಲಿ ಹೊಸ ಬಡಾವಣೆಯೇ ಎದ್ದಿದೆ, ಅಜ್ಜಿಯ ಕಾಲುಗಳು ಸೋತಿವೆ. ಇಂಗ್ಲೆಂಡಿನ ಗ್ರಾಮಜೀವನ ಬದಲಾದ ಬಗೆಯನ್ನು ಅರಿಯಲು ಈ ಮಾಲೆಯನ್ನು ವರ್ಷಕ್ರಮದಲ್ಲಿ ಓದಿದರೂ ಸಾಕು.

ಅಮೆರಿಕದಲ್ಲಿ 1989ರಿಂದ ಈ ಪ್ರಕಾರಕ್ಕೆಂದೇ ವಾರ್ಷಿಕ ಸಮ್ಮೇಳನ ನಡೆಯುತ್ತ ಬಂದಿದ್ದು, ಅಗಾಥಾ ಅವರ ಹೆಸರಿನ ಬಹುಮಾನವೂ ಇದೆ. 1998ರಲ್ಲಿ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬೋಟ್ಸ್‌ವಾನಾ ದೇಶದ ಪ್ರೆಷಸ್ ರಮೋಟ್ಸ್ವೆ ಎಂಬ ಮಹಿಳೆಯ ಮಾಲೆಯನ್ನು ಆರಂಭಿಸಿದನು. ಅದರಲ್ಲಿ ಕೊಲೆಗಿಂತ ಸಂಸಾರದ ತೊಡಕುಗಳೇ ಹೆಚ್ಚು. ಗಿಡಮೂಲಿಕೆಯ ಚಹ ಕುಡಿಯುತ್ತ ಆಕೆ ಅವನ್ನು ಬಿಡಿಸುತ್ತಾಳೆ. 2020ರಲ್ಲಿ ರಿಚರ್ಡ್ ಆಸ್ಮನ್ ತೊಡಗಿದ ಮಾಲೆಯಲ್ಲಿ ನಿವೃತ್ತರ ವಸತಿಯೊಂದರ ನಾಲ್ವರು ವೃದ್ಧರು ಪತ್ತೇದಾರರು. ಮುಪ್ಪು, ಮರೆವು, ಅಗಲಿಕೆಗಳನ್ನು ಅದು ನಗುನಗುತ್ತಲೇ ಮುಟ್ಟುತ್ತದೆ.

ಇನ್ನು ಆಯ್ಕೆಯ ವಿಷಯ. ಒಗಟಿನ ಜಾಣ್ಮೆಗಿಂತ ಮೊದಲು ಪತ್ತೇದಾರನ ಸ್ವಭಾವವನ್ನು ನೋಡಬೇಕು. ಹತ್ತು ಪುಸ್ತಕಗಳ ಕಾಲ ನಮ್ಮೊಡನೆ ಇರುವವನು ಅವನೇ. ಮನಸ್ಸು ತೀರ ದಣಿದಿದ್ದರೆ ಬಿಡಿಕಥೆಗಳಿಂದ, ಅಂದರೆ ಫಾದರ್ ಬ್ರೌನನಿಂದಲೋ ಮಾರ್ಪಲ್ ಅಜ್ಜಿಯ 1932ರ ಸಂಕಲನದಿಂದಲೋ ತೊಡಗುವುದು ಮೇಲು. ಈಚಿನ ಸಾವಿನ ದುಃಖದಲ್ಲಿರುವವರಿಗೆ ಕೊಲೆ ವಿರಳವಾದ ಬೋಟ್ಸ್‌ವಾನಾದ ಮಾಲೆ ಹಿತ. ಪಾಯ್ರೋ ಮಾಲೆಯನ್ನು ಯಾವ ಕ್ರಮದಲ್ಲಿ ಓದಿದರೂ ಆದೀತು. ಆದರೆ 1975ರಲ್ಲಿ ಪ್ರಕಟವಾದ ಕೊನೆಯ ಕಾದಂಬರಿಯನ್ನು ಕೊನೆಗೇ ಇಟ್ಟುಕೊಳ್ಳಬೇಕು. ಬಾಂಬುಗಳ ಕಾಲದಲ್ಲಿ ಬರೆದು ಮುಚ್ಚಿಟ್ಟಿದ್ದ ಆ ಪುಸ್ತಕದಲ್ಲಿ ಬೆಚ್ಚನೆಯದೇನೂ ಇಲ್ಲ. ವಿಮ್ಸಿಯ ಮಾಲೆಯಲ್ಲಿ ಆತನ ಪ್ರೇಮಕಥೆ ಬೆಳೆಯುತ್ತ ಹೋಗುವುದರಿಂದ ಕ್ರಮ ತಪ್ಪಬಾರದು. ಹಳೆಯ ಪುಸ್ತಕಗಳಲ್ಲಿ ಪರದೇಶೀಯರನ್ನೂ ಸೇವಕವರ್ಗದವರನ್ನೂ ಕೀಳುಗಳೆಯುವ ಮಾತುಗಳಿವೆ. ಕ್ರಿಸ್ಟಿಯವರ 1939ರ ಪ್ರಸಿದ್ಧ ಕಾದಂಬರಿಗೆ ಜನಾಂಗನಿಂದೆಯ ಪದವಿದ್ದ ಕಾರಣ ಅಮೆರಿಕದಲ್ಲಿ ಹೆಸರನ್ನೇ ಬದಲಿಸಬೇಕಾಯಿತು. ಒಬ್ಬರ ನೆಮ್ಮದಿ ಮತ್ತೊಬ್ಬರ ಅವಮಾನದ ಮೇಲೆ ನಿಲ್ಲಬಾರದಾದ್ದರಿಂದ ಎಳೆಯರ ಕೈಗೆ ಕೊಡುವಾಗ ಈ ವಿಷಯವನ್ನು ತಿಳಿಸಿ ಕೊಡುವುದು ಹಿರಿಯರ ಹೊಣೆ.

ಕಡೆಯದಾಗಿ ನಮ್ಮ ನಾಡಿನ ಮಾತು. ಕನ್ನಡದಲ್ಲಿಯೂ ಕಳೆದ ಶತಮಾನದ ನಡುಭಾಗದಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಂತಹ ನಾಯಕರನ್ನು ನಿರ್ಮಿಸಿ ನೂರಾರು ಕಾದಂಬರಿಗಳನ್ನು ಬರೆದರು. ಬೆಚ್ಚನೆಯ ಶಾಂತಿಗಿಂತ ಸಾಹಸವೇ ಅವುಗಳಲ್ಲಿ ಹೆಚ್ಚಾದರೂ, ಪರಿಚಿತ ನಾಯಕನು ಮತ್ತೆ ಬರುವನೆಂಬ ಆಸೆಯಿಂದ ಅವನ್ನು ಓದಿದವರಿಗೆ ಲೆಕ್ಕವಿಲ್ಲ. ಹರಿಣಿ ನಾಗೇಂದ್ರ ಅವರು 2022ರಲ್ಲಿ ಆರಂಭಿಸಿದ ಇಂಗ್ಲಿಷ್ ಮಾಲೆಯಾದರೋ ಬೆಚ್ಚನೆಯ ಪತ್ತೇದಾರಿಯನ್ನೇ 1920ರ ದಶಕದ ಬೆಂಗಳೂರಿಗೆ ತಂದಿದೆ. ಸೀರೆಯುಟ್ಟ, ಗಣಿತಪ್ರಿಯಳಾದ ಕಾವೇರಿ ಅದರ ನಾಯಕಿ.

ಪಾಠದ ಪುಸ್ತಕದ ಮರೆಯಲ್ಲಿ ಪತ್ತೇದಾರಿ ಕಾದಂಬರಿಯನ್ನಿಟ್ಟು ಓದುವ ಹುಡುಗನನ್ನು ಗದರಿಸಿದ ಉಪಾಧ್ಯಾಯರು ನಮ್ಮಲ್ಲಿ ಅನೇಕರಿದ್ದೇವೆ. ಗಡಿಯ ಈಚೆಗೆ ಕನ್ನಡವನ್ನು ಕಲಿಸುವ ನಮಗೆ ಒಂದು ಸಂಗತಿ ತಿಳಿದಿರಬೇಕು. ಪರೀಕ್ಷೆಗಾಗಿ ಓದಿದವನು ಪರೀಕ್ಷೆ ಮುಗಿದೊಡನೆ ಪುಸ್ತಕ ಮುಚ್ಚುತ್ತಾನೆ. ಮುಂದಿನ ಪುಸ್ತಕ ಎಲ್ಲಿದೆಯೆಂದು ತಾನಾಗಿ ಕೇಳಿದವನೇ ಭಾಷೆಯನ್ನು ಮನೆಗೆ ಕೊಂಡೊಯ್ಯುವವನು. ಶಾಲೆಯ ಪುಸ್ತಕಭಂಡಾರದಲ್ಲಿ ಕಾವ್ಯ ಚರಿತ್ರೆಗಳ ಕಪಾಟಿನ ಪಕ್ಕದಲ್ಲಿ ಆರಿಸಿದ ಕೆಲವು ಪತ್ತೇದಾರಿ ಮಾಲೆಗಳಿಗೂ ಒಂದು ಹಲಗೆಯನ್ನು ಬಿಟ್ಟುಕೊಟ್ಟರೆ ಸರಸ್ವತಿಗೆ ಅಪಚಾರವಾಗಲಾರದು.