ಮಿತವ್ಯಯದ ಗೇಮಿಂಗ್ ಕಂಪ್ಯೂಟರ್ ಜೋಡಣೆ

ಗೇಮಿಂಗ್ ಕಂಪ್ಯೂಟರ್ ಜೋಡಣೆ ಎಂದರೆ ವಿಡಿಯೋ ಆಟಗಳಿಗೆ ತಕ್ಕ ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಆಯ್ದು ಕೊಂಡು, ಒಂದು ಕ್ಯಾಬಿನೆಟ್‌ನಲ್ಲಿ ಕೂಡಿಸುವ ಕ್ರಮ. ಇಂತಹ ಯಂತ್ರವನ್ನು ಆಡುಮಾತಿನಲ್ಲಿ ‘ಅಸೆಂಬಲ್ಡ್ ಕಂಪ್ಯೂಟರ್’ ಎನ್ನುತ್ತಾರೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯು (ಎಸ್.ಪಿ. ರಸ್ತೆ) ಕರ್ನಾಟಕದಲ್ಲಿ ಈ ಬಿಡಿಭಾಗಗಳ ಹೆಸರಾಂತ ಮಾರುಕಟ್ಟೆಯಾಗಿದೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಈ ಪೇಟೆ ದೂರದ್ದು; ತಿಪಟೂರಿನಿಂದ ಸುಮಾರು 140 ಕಿ.ಮೀ. ಒಂದಕ್ಕೊಂದು ಹೊಂದದ ಭಾಗವನ್ನು ತಂದರೆ ಹಣದೊಂದಿಗೆ ಒಂದು ದಿನದ ಪ್ರಯಾಣವೂ ವ್ಯರ್ಥವಾಗುತ್ತದೆ. ಆದ್ದರಿಂದ ಪೂರ್ಣ ಪಟ್ಟಿಯನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಉತ್ತಮ.

ಹಣದ ಹಂಚಿಕೆ

ಆಟದ ದೃಶ್ಯಗಳನ್ನು ಮೂಡಿಸುವ ಹೊಣೆ ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್‌ನದು. ಮಾನಿಟರ್ ಬಿಟ್ಟು ಉಳಿದ ಮೊತ್ತದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಅದಕ್ಕೆ ಮೀಸಲಿಡುವುದು ರೂಢಿ. 1920×1080 ಪಿಕ್ಸೆಲ್‌ಗಳ ಮಾನಿಟರ್‌ಗೆ ಮಧ್ಯಮ ದರ್ಜೆಯ ಕಾರ್ಡ್ ಸಾಕಾಗುತ್ತದೆ. ಹಣ ತೀರ ಕಡಿಮೆಯಿದ್ದಲ್ಲಿ, ಗ್ರಾಫಿಕ್ಸ್ ಒಳಗೊಂಡಿರುವ ಪ್ರೊಸೆಸರ್‌ನಿಂದ ಆರಂಭಿಸಿ ಮುಂದೆ ಕಾರ್ಡ್ ಸೇರಿಸಬಹುದು. ಇಂಟೆಲ್‌ನ ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. 16 ಜಿಬಿ ರ‍್ಯಾಮ್ ಬೇಕಿದ್ದರೆ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ವೇಗದ ದೃಷ್ಟಿಯಿಂದ ಮೇಲು.

ಹೊಂದಾಣಿಕೆ

ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗಳ ಸಾಕೆಟ್ ಒಂದೇ ಆಗಿರಬೇಕು. ಎಎಂಡಿ ಕಂಪನಿಯು 2016ರಲ್ಲಿ ತಂದ ಎಎಂ4 ಸಾಕೆಟ್ ಡಿಡಿಆರ್4 ರ‍್ಯಾಮ್ ಅನ್ನೂ, 2022ರ ಎಎಂ5 ಸಾಕೆಟ್ ಡಿಡಿಆರ್5 ರ‍್ಯಾಮ್ ಅನ್ನೂ ಬಳಸುತ್ತವೆ. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರದು. ಕಾರ್ಡ್‌ನ ಉದ್ದವು ಕ್ಯಾಬಿನೆಟ್‌ಗೆ ಸರಿಹೊಂದುವುದೇ ಎಂಬುದನ್ನೂ ನೋಡಬೇಕು.

ವಿದ್ಯುತ್ ಪೂರೈಕೆ

ಹೆಚ್ಚಿನವರು ಉಳಿತಾಯ ಮಾಡಲೆತ್ನಿಸುವ ಭಾಗ ಎಸ್‌ಎಂಪಿಎಸ್. ಮನೆಯ 230 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಇದೇ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತನ್ನೊಂದಿಗೆ ಮದರ್‌ಬೋರ್ಡ್ ಮತ್ತು ಕಾರ್ಡ್‌ಗಳನ್ನೂ ಹಾಳುಮಾಡಬಲ್ಲದು. ವೋಲ್ಟೇಜ್ ಏರಿಳಿತ ಹಾಗೂ ವಿದ್ಯುತ್ ಕಡಿತವಿರುವ ಊರು ಮತ್ತು ತೋಟದ ಮನೆಗಳಲ್ಲಿ ಈ ಅಪಾಯ ಹೆಚ್ಚು. ‘80 ಪ್ಲಸ್’ ಗುರುತು ದಕ್ಷತೆಯನ್ನು ಮಾತ್ರ ಸೂಚಿಸುತ್ತದೆ. ಅಧಿಕ ವೋಲ್ಟೇಜ್ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ರಕ್ಷಣೆ ಇದೆಯೇ ಎಂದು ಬೇರೆಯಾಗಿ ವಿಚಾರಿಸಬೇಕು. ಸರಿಯಾದ ಅರ್ಥಿಂಗ್ ಕೂಡ ಅಗತ್ಯ. ಸ್ಕ್ವೇರ್ ವೇವ್ ಇನ್ವರ್ಟರ್‌ನೊಂದಿಗೆ ಕೆಲವು ಎಸ್‌ಎಂಪಿಎಸ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಯುಪಿಎಸ್ ಕೊಳ್ಳುವುದಾದರೆ ಅದರ ವೆಚ್ಚವನ್ನು ಮೊದಲೇ ಪಟ್ಟಿಗೆ ಸೇರಿಸಬೇಕು.

ಖರೀದಿ

ಬಿಡಿಭಾಗಗಳ ವಾರಂಟಿ ಬೇರೆಬೇರೆಯಾಗಿರುವುದರಿಂದ ಸೀರಿಯಲ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಬೇಕು. ಕ್ರಿಪ್ಟೋ ನಾಣ್ಯ ಎಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಕೈಬಿಟ್ಟ ಬಳಿಕ, ಅದಕ್ಕಾಗಿ ಹಗಲಿರುಳು ದುಡಿಸಿದ್ದ ಕಾರ್ಡ್‌ಗಳೂ ಹಳೆಯ ಸರಕಿನ ಪೇಟೆಗೆ ಬಂದವು. ಆದ್ದರಿಂದ ಬಳಸಿದ ಕಾರ್ಡ್ ಅನ್ನು ಆಟದಲ್ಲಿ ನಡೆಸಿ ನೋಡಿದ ಮೇಲೆಯೇ ಹಣ ಕೊಡುವುದು ಕ್ಷೇಮ.