ಡಾಲರ್ ಚಿಹ್ನೆಗಾಗಿ ನಡೆದ ಕಿತ್ತಾಟ

ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ, ಬರೀ ಹತ್ತು ದಿನಗಳಲ್ಲಿ, ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಕಟ್ಟಿದರು. ಮರುವರ್ಷವೇ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಜೆಸ್ಕ್ರಿಪ್ಟ್ ಹೆಸರಿನ ಪಡಿಯಚ್ಚನ್ನು ಇಳಿಸಿತು. 1997ರಲ್ಲಿ ಭಾಷೆಗೆ ಎಕ್ಮಾ ಮಾನಕ ಬಂತು. ಆದರೆ ಪುಟದ ಮೇಲಿನ ಗುಂಡಿ ಒತ್ತಿದಾಗ ಏನಾಗಬೇಕೆಂಬುದು ಆ ಮಾನಕದ ವ್ಯಾಪ್ತಿಗೆ ಸೇರಿರಲಿಲ್ಲ. ತಕರಾರೆಲ್ಲ ಇದ್ದದ್ದು ಅಲ್ಲೇ.

ಗುಂಡಿಗೊಂದು ಕ್ಲಿಕ್ ಜೋಡಿಸುವ ಕೆಲಸವನ್ನೇ ತೆಗೆದುಕೊಂಡರೆ, ಫೈರ್‌ಫಾಕ್ಸ್‌ನಲ್ಲಿ ಆಡ್‌ಈವೆಂಟ್‌ಲಿಸನರ್ ಕರೆದು 'ಕ್ಲಿಕ್' ಎನ್ನಬೇಕು. ಎಕ್ಸ್‌ಪ್ಲೋರರ್ 8ರವರೆಗೂ ಅಟ್ಯಾಚ್‌ಈವೆಂಟ್ ಕರೆದು 'ಆನ್‌ಕ್ಲಿಕ್' ಎನ್ನಬೇಕಿತ್ತು. ಫಂಕ್ಷನ್‌ನೊಳಗಿನ 'ದಿಸ್' ಮೊದಲನೆಯದರಲ್ಲಿ ಆ ಗುಂಡಿ, ಎರಡನೆಯದರಲ್ಲಿ ಇಡೀ ವಿಂಡೋ. ಹೀಗಾಗಿ ಒಂದೇ ಕೆಲಸಕ್ಕೆ ಎರಡು ಬಗೆಯ ಕೋಡ್ ಬರೆದು, ಎರಡು ಕಡೆ ಪರೀಕ್ಷಿಸುವುದು ವೆಬ್ ಡೆವಲಪರ್‌ಗಳ ನಿತ್ಯದ ಪಾಡಾಗಿತ್ತು.

ಈ ಕಾಟ ತಪ್ಪಿಸಲೆಂದೇ ಲೈಬ್ರರಿಗಳು ಹುಟ್ಟಿದವು. ರೂಬಿ ಆನ್ ರೈಲ್ಸ್ ಬಳಗದ ಸ್ಯಾಮ್ ಸ್ಟೀಫನ್ಸನ್ 2005ರಲ್ಲಿ ಪ್ರೊಟೊಟೈಪ್ ತಂದರು. ಪುಟದ ಒಂದು ಅಂಶವನ್ನು ಹುಡುಕಲು ಬರೆಯಬೇಕಿದ್ದ ಉದ್ದನೆಯ ಕರೆಗೆ ಅದು $ ಎಂಬ ಒಂದೇ ಅಕ್ಷರದ ಹೆಸರು ಕೊಟ್ಟಿತು. 2006ರ ಆಗಸ್ಟ್‌ನಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿಯ ಮೊದಲ ಆವೃತ್ತಿ ಹೊರಬಂತು. ಸಿಎಸ್ಎಸ್ ಗೊತ್ತಿದ್ದವರಿಗೆ ಅದೇ ಬಗೆಯ ಗುರುತಿನಿಂದ ಪುಟದ ಯಾವ ಭಾಗವನ್ನಾದರೂ ಹಿಡಿಯುವ ಅನುಕೂಲ ಅದರಲ್ಲಿತ್ತು. ಅದೂ $ ಚಿಹ್ನೆಯನ್ನೇ ಆರಿಸಿಕೊಂಡಿತು! ಎರಡನ್ನೂ ಒಂದೇ ಪುಟಕ್ಕೆ ಸೇರಿಸಿದರೆ, ಕೊನೆಗೆ ಲೋಡ್ ಆದದ್ದರ ಪಾಲಿಗೆ $. ಇನ್ನೊಂದನ್ನು ನಂಬಿದ ಕೋಡ್ ಅಲ್ಲೇ ಮುಗ್ಗರಿಸುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಜೆಕ್ವೆರಿಯ ನೋಕಾನ್‌ಫ್ಲಿಕ್ಟ್: ಅದನ್ನು ಕರೆದರೆ $ ಮೊದಲಿನ ಒಡೆಯನಿಗೆ ಹಿಂದಿರುಗುತ್ತದೆ, ಜೆಕ್ವೆರಿಯನ್ನು ಪೂರ್ತಿ ಹೆಸರಿನಿಂದ ಕರೆಯಬೇಕಾಗುತ್ತದೆ.

ಇದಕ್ಕಿಂತ ಆಳದ ತೊಡಕು ಬೇರೆಯೇ ಇತ್ತು. ಪ್ರೊಟೊಟೈಪ್ ಮತ್ತು ಮೂಟೂಲ್ಸ್ ಎಂಬ ಇನ್ನೊಂದು ಲೈಬ್ರರಿ ಭಾಷೆಯ ಸ್ವಂತ ಅರೇಗಳಿಗೇ ತಮ್ಮ ಫಂಕ್ಷನ್‌ಗಳನ್ನು ಅಂಟಿಸುತ್ತಿದ್ದವು. ಜೆಕ್ವೆರಿ ಆ ಗೋಜಿಗೆ ಹೋಗದೆ ಎಲ್ಲವನ್ನೂ ತನ್ನದೇ ಹೊದಿಕೆಯೊಳಗೆ ಇಟ್ಟುಕೊಂಡಿತು. ಅದು ಬಹುಕಾಲ ಬಾಳಲು ಈ ಸಂಯಮವೂ ಒಂದು ಮುಖ್ಯ ಕಾರಣವೆನ್ನಬೇಕು. ಮೂಟೂಲ್ಸ್ ಅಂಟಿಸಿದ್ದ 'ಫ್ಲ್ಯಾಟನ್' ಎಷ್ಟೋ ವರ್ಷಗಳ ಮೇಲೆ ಭಾಷೆಗೇ ಅಡ್ಡ ಬಂತು. ಅದೇ ಹೆಸರಿನ ಅಧಿಕೃತ ಫಂಕ್ಷನ್ ಅನ್ನು 2018ರಲ್ಲಿ ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಗೆ ಹಾಕಿ ನೋಡಿದಾಗ ಮೂಟೂಲ್ಸ್ ಬಳಸುತ್ತಿದ್ದ ಹಳೆಯ ಸೈಟ್ ಕೆಟ್ಟುಹೋಯಿತು. ಕೊನೆಗೆ ಮಾನಕವೇ ಸೋತು, 2019ರಲ್ಲಿ 'ಫ್ಲ್ಯಾಟ್' ಎಂಬ ಹೆಸರಿಗೆ ಒಪ್ಪಿಕೊಂಡಿತು.

ಜೆಕ್ವೆರಿಗೂ ತನ್ನದೇ ತಲೆನೋವುಗಳಿದ್ದವು. ಪುಟ ತೆರೆದ ಮೇಲೆ ಸೇರಿಸಿದ ಗುಂಡಿಗಳಿಗೆ ಮೊದಲೇ ಜೋಡಿಸಿದ ಕ್ಲಿಕ್ ತಗಲುತ್ತಿರಲಿಲ್ಲ. 2009ರಲ್ಲಿ ಅದಕ್ಕೆಂದು 'ಲೈವ್' ಬಂತು, 2011ರಲ್ಲಿ ಅದರ ಜಾಗಕ್ಕೆ 'ಆನ್' ಬಂತು. 2013ರ 1.9ನೇ ಆವೃತ್ತಿ 'ಲೈವ್' ಅನ್ನು ಕಿತ್ತೇ ಹಾಕಿದಾಗ ಹಳೆಯ ಪ್ಲಗಿನ್‌ಗಳು ನಿಂತುಹೋದವು. ಅವನ್ನು ಓಡಿಸಲು ಮೈಗ್ರೇಟ್ ಎಂಬ ಇನ್ನೊಂದು ಪ್ಲಗಿನ್ ಬೇಕಾಯಿತು.

ಅಷ್ಟರಲ್ಲಿ ಬ್ರೌಸರ್‌ಗಳೇ ಸರಿದಾರಿಗೆ ಬರುತ್ತಿದ್ದವು. ಸಿಎಸ್ಎಸ್ ಗುರುತಿನಿಂದ ಹುಡುಕುವ ಸೌಲಭ್ಯ ಎಕ್ಸ್‌ಪ್ಲೋರರ್ 8ರಲ್ಲೂ, ಆಡ್‌ಈವೆಂಟ್‌ಲಿಸನರ್ ಎಕ್ಸ್‌ಪ್ಲೋರರ್ 9ರಲ್ಲೂ ಸಿಕ್ಕಿತು. 2021ರಲ್ಲಿ, ವೆಬ್ ಪುಟಗಳ ವಿನ್ಯಾಸಕ್ಕೆ ಬಳಸುವ ಬೂಟ್‌ಸ್ಟ್ರಾಪ್‌ನ 5ನೇ ಆವೃತ್ತಿ ಜೆಕ್ವೆರಿಯನ್ನು ಕೈಬಿಟ್ಟಿತು. ವರ್ಡ್‌ಪ್ರೆಸ್ ಮಾತ್ರ ಅದನ್ನು ಇನ್ನೂ ಜೊತೆಗಿಟ್ಟುಕೊಂಡಿದೆ, ಅದೂ ನೋಕಾನ್‌ಫ್ಲಿಕ್ಟ್ ಸ್ಥಿತಿಯಲ್ಲೇ. ಅಲ್ಲಿ ಪ್ಲಗಿನ್ ಬರೆಯುವವರಿಗೆ $ ಇಂದಿಗೂ ನೇರವಾಗಿ ಸಿಗುವುದಿಲ್ಲ.