ಬೆಸುಗೆಯ ಪಕ್ಕದ ಬಿರುಕು

ಶಂಕರಘಟ್ಟ ಅಂದ್ರೆ ಬಹಳ ಜನಕ್ಕೆ ನೆನಪಾಗೋದು ಕುವೆಂಪು ವಿಶ್ವವಿದ್ಯಾಲಯ. ನನಗೆ ನೆನಪಾಗೋದು ಅಪ್ಪನ ವೆಲ್ಡಿಂಗ್ ಶೆಡ್ಡು. ಕಬ್ಬು ಹೊತ್ತು ಸುಸ್ತಾದ ಟ್ರೈಲರ್‌ಗಳು ಅಲ್ಲಿಗೆ ಬರ್ತಿದ್ದವು. ಅಪ್ಪ ಮೊದಲು ಬಿರುಕನ್ನು ಉಗುರಿನಲ್ಲಿ ಸವರಿ ನೋಡ್ತಿದ್ದರು. "ನೋಡು, ಬೆಸುಗೆ ಬಿಟ್ಟಿಲ್ಲ. ಅದರ ಪಕ್ಕ ಬಿಟ್ಟಿದೆ," ಅನ್ನೋರು. ಆಮೇಲೆ ಬಿರುಕಿನ ತುದಿಗೆ ಒಂದು ಸಣ್ಣ ತೂತು ಕೊರೆದು, ಅದು ಮುಂದೆ ಓಡದ ಹಾಗೆ ತಡೆದು, ಕೆಲಸ ಶುರು ಮಾಡ್ತಿದ್ದರು.

ಯಾಕೆ ಪಕ್ಕದಲ್ಲೇ? ಇದಕ್ಕೆ ಉತ್ತರ ಹುಡುಕೋಕೆ ಜಗತ್ತಿಗೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಹೊರಟ ರೈಲಿನ ಆ್ಯಕ್ಸಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ್ಯಕ್ಸಲ್ ಮೇಲೆ ಬಿದ್ದದ್ದು ದಿನಾ ಬೀಳುವ ಭಾರವೇ. ಆಮೇಲೆ ಜರ್ಮನಿಯ ವ್ಯೋಲರ್ ವರ್ಷಗಟ್ಟಲೆ ಆ್ಯಕ್ಸಲ್‌ಗಳನ್ನು ತಿರುಗಿಸಿ, ಬಗ್ಗಿಸಿ ನೋಡಿದ. ಒಂದೇ ಸಲಕ್ಕೆ ಏನೂ ಮಾಡದ ಭಾರ, ಲಕ್ಷಾಂತರ ಸಲ ಬಿದ್ದರೆ ಲೋಹವನ್ನು ಮುರಿಯುತ್ತದೆ ಅಂತ ತೋರಿಸಿದ. ಅದಕ್ಕೆ ಇಂಗ್ಲಿಷಿನಲ್ಲಿ ಫಟೀಗ್ ಅಂತಾರೆ. ನಾವು ದಣಿವು ಅನ್ನೋಣ.

1923ರಲ್ಲಿ ನಮ್ಮ ಭದ್ರಾವತಿಯ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಲ್ಲಿ ಕರಗಿಸೋಕೆ ಶುರು ಮಾಡಿತು. ಮರುವರ್ಷ ಸ್ವೀಡನ್ನಿನಲ್ಲಿ ಪಾಮ್‌ಗ್ರೆನ್ ಎಂಬಾತ ದಣಿವಿಗೊಂದು ಲೆಕ್ಕದ ಪುಸ್ತಕ ತೆರೆದ: ಪ್ರತಿ ಭಾರವೂ ಆಯುಷ್ಯದಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತದೆ, ಪಾಲುಗಳ ಮೊತ್ತ ಒಂದಾದ ದಿನ ಕಥೆ ಮುಗೀತು. 1945ರಲ್ಲಿ ಅಮೆರಿಕದ ಮೈನರ್ ಅದನ್ನೇ ವಿಮಾನದ ಲೋಹಕ್ಕೆ ಅನ್ವಯಿಸಿದ. ಇವತ್ತಿಗೂ ನಾವು ಮಾಡೋದು ಇದೇ ಕೂಡುವ ಲೆಕ್ಕ.

ಪೈಪಿಗೆ ಪೈಪು ಬೆಸೆದಲ್ಲಿ ಲೆಕ್ಕ ಕಷ್ಟವಾಗುತ್ತದೆ. ಒಂದರ ತುದಿ ಇನ್ನೊಂದರ ಮೈಗೆ ಸೇರಿದಾಗ ದೊಡ್ಡ ಪೈಪಿನ ಗೋಡೆ ಒಳಗೆ ಬಾಗುತ್ತದೆ. ಒತ್ತಡವೆಲ್ಲ ಬೆಸುಗೆಯ ಅಂಚಿನ ಒಂದೆರಡು ಕಡೆ ಗುಂಪು ಸೇರುತ್ತದೆ; ಅಲ್ಲಿ ಅದು ಸರಾಸರಿಯ ಹಲವು ಪಟ್ಟು. ಇದೇ ಹಾಟ್ ಸ್ಪಾಟ್. ಬೆಸುಗೆ ಹಾಕಿದ ಕಡೆ ಒತ್ತಡ ಎರಡು ಪಟ್ಟಾದರೆ ಆಯುಷ್ಯ ಹೆಚ್ಚುಕಡಿಮೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಗಟ್ಟಿ ಉಕ್ಕು ಹಾಕಿದರೂ ಬಹಳ ಪ್ರಯೋಜನವಿಲ್ಲ, ಯಾಕಂದ್ರೆ ಬಿರುಕು ಹುಟ್ಟೋದು ಬೆಸುಗೆಯ ಅಂಚಿನ ಸಣ್ಣ ದೋಷದಲ್ಲಿ. ಅಪ್ಪ ಆ ಅಂಚನ್ನು ಗ್ರೈಂಡರ್‌ನಲ್ಲಿ ನಯ ಮಾಡುತ್ತಿದ್ದದ್ದು ಅಂದಕ್ಕೆ ಅಂದುಕೊಂಡಿದ್ದೆ. ಅದು ಆಯುಷ್ಯ ಹೆಚ್ಚಿಸುವ ಕೆಲಸ ಅಂತ ಗೊತ್ತಾದದ್ದು ಎಂಜಿನಿಯರ್ ಆದಮೇಲೆ.

ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಇಂಥ ಜೋಡಣೆಗಳ ಆಯುಷ್ಯ ಅಂದಾಜು ಮಾಡೋದೇ ನನ್ನ ಸಂಬಳದ ಕೆಲಸ. ಹೋದ ವರ್ಷ ಒಂದು ಪೈಪ್ ಫ್ರೇಮಿನ ಮಾಡೆಲ್ ರನ್ ಆಗೋಕೆ ಇಡೀ ರಾತ್ರಿ ತಗೊಳ್ತಿತ್ತು. ಡೆಡ್‌ಲೈನ್ ಮರುದಿನ. ಕೇಬಲ್ ಹಿಡಿಯುವ ಒಂದು ಪುಟ್ಟ ಬ್ರ್ಯಾಕೆಟ್ ಇತ್ತು. ಇದೇನು ಭಾರ ಹೊರುತ್ತೆ ಅಂತ ಅಳಿಸಿಬಿಟ್ಟೆ.

ಅಳಿಸಿದ ಕೈ ಅಲ್ಲೇ ನಿಂತಿತು. ನಾರ್ವೆಯ 'ಅಲೆಕ್ಸಾಂಡರ್ ಕೀಲ್ಯಾಂಡ್' ನೆನಪಾಯಿತು. ಐದು ಕಾಲಿನ ತೇಲುವ ರಿಗ್ ಅದು. ಉತ್ತರ ಸಮುದ್ರದ ತೈಲ ಕಾರ್ಮಿಕರಿಗೆ ವಸತಿಯಾಗಿತ್ತು. ಅದರ ಒಂದು ಅಡ್ಡಪೈಪಿಗೆ, ನೀರೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಕೂರಿಸಲು ತೂತು ಮಾಡಿ, ಸಣ್ಣ ಪೈಪೊಂದನ್ನು 6 ಮಿಲಿಮೀಟರಿನ ಬೆಸುಗೆಯಲ್ಲಿ ಕೂರಿಸಿದ್ದರು. ಭಾರ ಹೊರುವ ಭಾಗವಲ್ಲ ಅಂತ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಬಿರುಕು ಶುರುವಾದದ್ದು ಅಲ್ಲೇ. 1980ರ ಮಾರ್ಚ್ 27ರ ಸಂಜೆ ಅಡ್ಡಪೈಪು ಮುರಿಯಿತು, ಆ ಕಾಲನ್ನು ಹಿಡಿದಿದ್ದ ಉಳಿದ ಅಡ್ಡಪೈಪುಗಳೂ ಮುರಿದವು, ಕಾಲೇ ಕಳಚಿತು, ರಿಗ್ ಮಗುಚಿತು. ಒಳಗಿದ್ದ 212 ಜನರಲ್ಲಿ 123 ಜನ ಸತ್ತರು. ತನಿಖೆಯಲ್ಲಿ ಬಿರುಕಿನ ಒಳಗೆ ಬಣ್ಣ ಸಿಕ್ಕಿತು. ಅಂದ್ರೆ ರಿಗ್ಗಿಗೆ ಬಣ್ಣ ಬಳಿಯುವಾಗಲೇ ಬಿರುಕು ಅಲ್ಲಿತ್ತು.

ಬ್ರ್ಯಾಕೆಟ್ ವಾಪಸ್ ಹಾಕಿ ರನ್ ಮಾಡಿದೆ. ಇಡೀ ಫ್ರೇಮಿನಲ್ಲಿ ಅತಿ ಕಡಿಮೆ ಆಯುಷ್ಯ ಬಂದದ್ದು ಅದರ ಬೆಸುಗೆಯ ಅಂಚಿನಲ್ಲೇ. ರಿಪೋರ್ಟ್ ತಡವಾಯಿತು, ಬೈಸಿಕೊಂಡೆ.

ಆ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೇಳಿದರು:

"ಅಲ್ಲ ಮಗಾ, ಅದನ್ನ ಅಲ್ಲಿ ಬೆಸೀಲೇಬೇಕಿತ್ತಾ? ಒಂದು ಕ್ಲ್ಯಾಂಪ್ ಹಾಕಿ ಬಿಗಿದಿದ್ರೆ ಆಗ್ತಿರ್ಲಿಲ್ವಾ?"

ಸೋಮವಾರ ನಾವು ಮಾಡಿದ್ದು ಅದನ್ನೇ.